ಮೈದನಹಳ್ಳಿ ಜಿಂಕೆಗೆ ಲೆಕ್ಕವಿದೆ, ತೊಂಡೇಬಾವಿ ಬೆಟ್ಟಕ್ಕೆ?

ರಜಾದಿನದ ಬೆಳಿಗ್ಗೆ ಬೆಂಗಳೂರು ಕಡೆಯಿಂದ ಬರುವ ರೈಲಿನಿಂದ ಬೆನ್ನಿಗೆ ಚೀಲ ಬಿಗಿದ ಹುಡುಗ ಹುಡುಗಿಯರು ಮಾಕಳಿದುರ್ಗದಲ್ಲಿ ಇಳಿಯುತ್ತಾರೆ. ಬೆಟ್ಟ ಹತ್ತಲು ಬಂದವರು. ರೈಲು ಮುಂದೆ ಬಂದು ತೊಂಡೇಬಾವಿಯಲ್ಲಿ ನಿಂತಾಗ ಇಳಿಯುವವರ ಕೈಲಿ ಇರುವುದು ತರಕಾರಿ ಚೀಲ, ಟಿಫನ್ ಕ್ಯಾರಿಯರ್. ಬೆಟ್ಟವನ್ನು ದಿನಾ ಕಾಣುವವರು ಇವರು. ದುಡ್ಡು ಕೊಟ್ಟು ನೋಡಲು ಬರುವವರು ಅವರು.

ಹತ್ತಿ, ಫೋಟೋ ತೆಗೆದು, ಇಳಿದು ಹೋದರೆ ಬೆಟ್ಟಕ್ಕೇನೂ ಲಾಭವಿಲ್ಲ. ಅಲ್ಲಿ ಯಾವ ಹಕ್ಕಿ ಇದೆ, ಯಾವ ಗಿಡ ಇದೆ, ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ ಅಂತ ಬರೆದಿಡುವ ಕೆಲಸ ಬೇರೆಯದೇ. ಅದಕ್ಕೆ ಹುಟ್ಟಿಕೊಂಡವು ನಿಸರ್ಗಪ್ರಿಯರ ಸಂಘಗಳು. ತಿಂಗಳಿಗೊಂದು ಭಾಷಣ, ತಿಂಗಳಿಗೊಂದು ಸುತ್ತಾಟ, ತಿಳಿದವರೊಬ್ಬರು ಮುಂದೆ, ತಿಳಿಯದವರು ಹಿಂದೆ. ಬೆಂಗಳೂರಿನಲ್ಲಿ ಹಕ್ಕಿ ನೋಡುವವರ ಸಂಘ ಶುರುವಾದದ್ದು 1972ರಲ್ಲಿ. ಲಾಲ್‌ಬಾಗ್‌ನಲ್ಲಿ ಸುತ್ತಾಡುತ್ತಾ ಬರೆದಿಟ್ಟ ನೋಟ್‌ಬುಕ್ಕುಗಳೇ ಬೆಳೆದು, 1994ರಲ್ಲಿ ಬೆಂಗಳೂರಿನ ಹಕ್ಕಿಗಳ ಪಟ್ಟಿಯೊಂದು ಪುಸ್ತಕವಾಗಿ ಬಂತು.

ಅದೆಲ್ಲಾ ಬೆಂಗಳೂರಿನ ಪೆನ್ಷನ್‌ದಾರರ ಶೋಕಿ ಎನ್ನುವವರು ಒಮ್ಮೆ ಮೈದನಹಳ್ಳಿ ಕಡೆ ತಿರುಗಿ ನೋಡಬೇಕು.

ಮೈದನಹಳ್ಳಿ ಇರುವುದು ಮಧುಗಿರಿ ತಾಲ್ಲೂಕಿನಲ್ಲಿ, ಕೊಡಿಗೇನಹಳ್ಳಿ ಹೋಬಳಿ. ಗೌರಿಬಿದನೂರಿನವರಿಗೆ ದೂರದ ಊರೇನಲ್ಲ. ಅಲ್ಲಿ 798 ಎಕರೆ ಹುಲ್ಲುಗಾವಲು, ನಡುನಡುವೆ ನೀಲಗಿರಿ ತೋಪು. ಸರ್ಕಾರಿ ಕಾಗದದಲ್ಲಿ ಇಂಥ ಜಾಗಗಳಿಗೆಲ್ಲಾ ಒಂದೇ ಹೆಸರು: ಪಾಳು. ಆ ಪಾಳಿನಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಓಡಾಡುತ್ತಿದ್ದದ್ದು ಸುತ್ತಲ ರೈತರಿಗೆ ಗೊತ್ತಿತ್ತು. ಸರ್ಕಾರಕ್ಕೆ ಗೊತ್ತಾಗಬೇಕಾದರೆ ಯಾರಾದರೂ ಎಣಿಸಿ ಬರೆಯಬೇಕಿತ್ತು. ಬರೆದವರು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು. ಸಂಬಳವಿಲ್ಲ, ಅಧಿಕಾರವಿಲ್ಲ. ಕೈಲಿದ್ದದ್ದು ನೋಟ್‌ಬುಕ್ಕು. ಜಿಂಕೆಗಳ ಜೊತೆಗೆ ಅಲ್ಲಿನ ಹಕ್ಕಿಗಳನ್ನೂ ಪಟ್ಟಿ ಮಾಡಿದರು, ಇಲಾಖೆಯ ಬಾಗಿಲು ತಟ್ಟಿದರು. 2007ರ ಜುಲೈನಲ್ಲಿ ರಾಜ್ಯ ಸರ್ಕಾರ ಆ ಜಾಗವನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ರಾಣೆಬೆನ್ನೂರು ಬಿಟ್ಟರೆ ಕರ್ನಾಟಕದಲ್ಲಿ ಕೃಷ್ಣಮೃಗ ಇಷ್ಟು ಸಂಖ್ಯೆಯಲ್ಲಿ ಒಂದೇ ಕಡೆ ಸಿಗುವುದು ಇಲ್ಲೇ.

ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಅಭಯಾರಣ್ಯ ಎಂದರೆ ಹಳ್ಳಿಯವರು ಬೆಚ್ಚಿಬೀಳುತ್ತಾರೆ. ಸೌದೆಗೆ ತಡೆ, ಮೇವಿಗೆ ತಡೆ, ಕೊನೆಗೆ ಎತ್ತಂಗಡಿ. ಸಂರಕ್ಷಣಾ ಮೀಸಲು ಆ ಜಾತಿಯದಲ್ಲ. 2002ರ ತಿದ್ದುಪಡಿಯಲ್ಲಿ ಬಂದ ಹೊಸ ಏರ್ಪಾಡು ಇದು. ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ, ಸ್ಥಳೀಯರನ್ನು ಕೇಳಿಯೇ ಘೋಷಿಸಬೇಕು, ಒಳಗಿರುವವರ ಹಕ್ಕು ಹೋಗುವುದಿಲ್ಲ. ಸಲಹೆ ಕೊಡಲು ಒಂದು ಸಮಿತಿ. ಅದರಲ್ಲಿ ಆಯಾ ಗ್ರಾಮ ಪಂಚಾಯಿತಿಗೆ ಒಂದೊಂದು ಸ್ಥಾನ, ವನ್ಯಜೀವಿ ಕೆಲಸದ ಸಂಘ ಸಂಸ್ಥೆಗಳಿಗೆ ಮೂರು. ಅಂದರೆ ನಿಸರ್ಗ ಸಂಘಕ್ಕೆ ಕಾನೂನೇ ಕುರ್ಚಿ ಹಾಕಿಟ್ಟಿದೆ. ಕೂರುವವರು ಊರವರಾದರೆ ಊರಿನ ಮಾತು ನಡೆಯುತ್ತದೆ. ಇಲ್ಲದಿದ್ದರೆ ಬೆಂಗಳೂರಿನವರೋ ತುಮಕೂರಿನವರೋ ಬಂದು ಕೂರುತ್ತಾರೆ, ಅಷ್ಟೇ.

ತೊಂಡೇಬಾವಿ ಕಡೆ ಹುಲ್ಲುಗಾವಲಿಗಿಂತ ಬಂಡೆ ಹೆಚ್ಚು. ಬಂಡೆಯಲ್ಲಿ ಏನಿರುತ್ತೆ ಸ್ವಾಮಿ, ಕಲ್ಲು ತಾನೇ ಅನ್ನಬಹುದು. ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿಯೊಂದಿದೆ. ಪ್ರಪಂಚದಲ್ಲಿ ಅದು ಸಿಗುವುದು ದಕ್ಷಿಣ ಭಾರತದ ಬಂಡೆಗುಡ್ಡ, ಕುರುಚಲು ಕಾಡುಗಳಲ್ಲಿ ಮಾತ್ರ. ನಂದಿಬೆಟ್ಟಕ್ಕೆ ದೂರದೇಶಗಳಿಂದ ಹಕ್ಕಿಪ್ರಿಯರು ಬರುವುದಕ್ಕೆ ಅದೂ ಒಂದು ಕಾರಣ. ಅಳಿವಿನ ಭೀತಿಯ ಪಟ್ಟಿಯಲ್ಲಿರುವ ಈ ಹಕ್ಕಿ ಯಾವ ಗುಡ್ಡದಲ್ಲಿ ಎಷ್ಟಿದೆ ಎಂದು ಹೇಳಬೇಕಾದರೆ, ನಸುಕಿನಲ್ಲೇ ಎದ್ದು ನಡೆದು ನೋಡಿ ಬರೆದಿರಬೇಕು.

ಯಾಕೆಂದರೆ ಗುಡ್ಡಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. ಬೆಂಗಳೂರಿನ ಕಟ್ಟಡಕ್ಕೆ ಜಲ್ಲಿ ಬೇಕು, ಜಿಲ್ಲೆಯ ಬಂಡೆ ಒಡೆಯುತ್ತಲೇ ಇದೆ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಕ್ವಾರಿಗೆಂದು ತಂದಿದ್ದ ಜಿಲೆಟಿನ್ ಸಿಡಿದು 6 ಮಂದಿ ಸತ್ತದ್ದನ್ನು ಜಿಲ್ಲೆ ಮರೆತಿಲ್ಲ. ಕ್ವಾರಿ ಅರ್ಜಿ ಬಂದಾಗ ಅರ್ಜಿದಾರನ ಕೈಲಿ ನಕ್ಷೆ, ಸರ್ವೆ ನಂಬರು, ವಕೀಲ ಎಲ್ಲಾ ಇರುತ್ತಾರೆ. ಎದುರಿಗೆ ನಿಂತ ಊರವರು ಮಾತ್ರ ‘ನಮ್ಮ ಬೆಟ್ಟ’ ಅಂತಾರೆ. ಕಚೇರಿಯಲ್ಲಿ ಆ ಮಾತಿಗೆ ರಶೀದಿ ಸಿಗುವುದಿಲ್ಲ. ಐದು ವರ್ಷದ ಪಟ್ಟಿ, ತಾರೀಖು, ಜಾಗ, ಸಂಖ್ಯೆ ಸಮೇತ ಮುಂದಿಟ್ಟರೆ ಫೈಲಿನಲ್ಲಿ ಸೇರಿಸದೆ ವಿಧಿಯಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಜಿಂಕೆಗೆ ಬೇಲಿ ಗೊತ್ತಿಲ್ಲ. ಮೀಸಲಿನ ಅಂಚು ದಾಟಿದರೆ ಅದರ ಬಾಯಿಗೆ ಬೀಳುವುದು ಬಡ ರೈತನ ಪೈರು. ಹುಲ್ಲುಗಾವಲಿನ ಅಂದದ ಬಗ್ಗೆ ಭಾಷಣ ಬಿಗಿದು, ಬೆಳೆ ನಷ್ಟದ ಮಾತು ಬಂದಾಗ ಗಡಿಯಾರ ನೋಡುವ ಸಂಘ ಹಳ್ಳಿಯಲ್ಲಿ ಮೂರು ತಿಂಗಳೂ ಬಾಳುವುದಿಲ್ಲ. ಹಕ್ಕಿ ಎಣಿಸುವ ಪುಸ್ತಕದಲ್ಲೇ ಯಾರ ಹೊಲದಲ್ಲಿ ಯಾವ ದಿನ ಎಷ್ಟು ನಷ್ಟವಾಯಿತು ಎಂದೂ ಬರೆದರೆ, ಪರಿಹಾರದ ಅರ್ಜಿಗೆ ಅದೇ ಆಧಾರ.

ಗಡಿಯಾಚೆ ಹಿಂದೂಪುರದ ಕಡೆ ವೀರಾಪುರ ಎಂಬ ಹಳ್ಳಿಯಿದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೇಮರಗಳಲ್ಲೇ. ಗಲೀಜು, ವಾಸನೆ ಎಲ್ಲವನ್ನೂ ಸಹಿಸಿಕೊಂಡು ಊರವರು ಕಾಪಾಡುತ್ತಾ ಬಂದಿದ್ದಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ಸಂಘಕ್ಕಿಂತ ಹಳೆಯದು ಅದು.

ಖರ್ಚಿನ ಮಾತು ದೊಡ್ಡದಲ್ಲ. ಹತ್ತು ಜನಕ್ಕೆ ಒಂದು ದುರ್ಬೀನು ಸಾಕು. ಹಕ್ಕಿ ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕನ್ನಡದಲ್ಲೇ ಇದೆ. ಗಲಾಟೆ ಮಾಡಬಾರದು, ಗೂಡಿನ ಹತ್ತಿರ ಹೋಗಬಾರದು, ಬಿಸ್ಕತ್ ಕಾಗದ ಬಿಸಾಕಬಾರದು. ಅರಣ್ಯ ಇಲಾಖೆಯ ಬೆಟ್ಟವಾದರೆ ಮೊದಲೇ ಅನುಮತಿ ಬೇಕು. ಅಂಗಡಿಯವರಿಗೆ ಭಾನುವಾರವೇ ವ್ಯಾಪಾರ ಅಂದರೆ, ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಷಟರ್ ಎತ್ತಬಹುದು. ಹಕ್ಕಿಗಳೂ ಬಿಸಿಲೇರಿದ ಮೇಲೆ ಸುಮ್ಮನಾಗುತ್ತವೆ.

ಇನ್ನು ಭಾಷಣ. ಅದಕ್ಕೆ ಈ ತಾಲ್ಲೂಕಿನವರು ಹೊರಗಿಂದ ಪಾಠ ಕಲಿಯಬೇಕಿಲ್ಲ. ಬೆಂಗಳೂರು ಸೈನ್ಸ್ ಫೋರಂ ಅನ್ನು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿ, ಬುಧವಾರದ ಉಪನ್ಯಾಸಕ್ಕೆ ಜನ ಹುಡುಕಿಕೊಂಡು ಬರುವಂತೆ ಮಾಡಿದ ಡಾ. ಎಚ್. ನರಸಿಂಹಯ್ಯ ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲೇ. ಅವರು ಕೇಳಿದ್ದು ಪ್ರಶ್ನೆ ಕೇಳುವ ಜನರನ್ನು. ತೊಂಡೇಬಾವಿಯ ಶಾಲೆಯ ಒಂದು ಕೋಣೆ ಸಂಜೆ ಒಂದು ಗಂಟೆ ಸಿಕ್ಕರೆ, ಮೊದಲ ಉಪನ್ಯಾಸಕ್ಕೆ ಮೇಷ್ಟರನ್ನೇ ಕರೆಯಬೇಕೆಂದಿಲ್ಲ. ಗುಡ್ಡದಲ್ಲಿ ನಲವತ್ತು ವರ್ಷ ಕುರಿ ಕಾದವರು ಮಾತಾಡಿದರೆ ಪಟ್ಟಿಯ ಅರ್ಧ ಅವತ್ತೇ ತುಂಬುತ್ತದೆ.

ವಲಸೆ ಹಕ್ಕಿಗಳು ಬರುವುದು ಚಳಿಗಾಲಕ್ಕೆ, ಹೊರಡುವುದು ಬೇಸಿಗೆ ಕಾಲಿಡುತ್ತಲೇ. ಅಷ್ಟರೊಳಗೆ ಒಂದು ನೋಟ್‌ಬುಕ್ಕು ಕೊಳ್ಳಬೇಕು.