ಪರಿಚಯವೆಂಬ ಬಂಡವಾಳ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಹನ್ನೆರಡು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನು, ಈಗ ಪರೀಕ್ಷೆ ಬರೆದು ವಿಮಾ ಏಜೆಂಟನಾಗಿದ್ದಾನೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಸಂಕೋಚದಿಂದಲೇ ಕೇಳಿದನು: "ಸಾರ್, ಲಿಂಕ್ಡ್‌ಇನ್‌ನಲ್ಲಿ ಗಿರಾಕಿಗಳನ್ನು ಹುಡುಕು ಅಂತ ನಮ್ಮ ಮ್ಯಾನೇಜರ್ ಹೇಳ್ತಾರೆ. ನನ್ನ ಹಳೆಯ ಸಹೋದ್ಯೋಗಿಗಳೆಲ್ಲ ಅಲ್ಲೇ ಇದ್ದಾರೆ. ಆದರೆ ಅವರಿಗೆ ಪಾಲಿಸಿ ವಿಷಯ ಬರೆಯೋಕೆ ಕೈ ಬರೋದಿಲ್ಲ. ಏನು ಮಾಡಲಿ?"

ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಅವನು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ನಿಮ್ಮಲ್ಲಿ ಕೆಲವರು ಇದೇ ವೃತ್ತಿಯಲ್ಲಿದ್ದೀರಿ. ಉಳಿದವರು ಅಂಥ ಸಂದೇಶಗಳನ್ನು ದಿನವೂ ಪಡೆಯುತ್ತಿರುವವರು. ಆದ್ದರಿಂದ ಪೂರ್ಣ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವಿಮೆಯೆಂದರೆ ಎರಡೇ. ಒಂದು, ರಾಜ್ಯ ಸರ್ಕಾರಿ ನೌಕರರಿಗೆ ಕಡ್ಡಾಯವಾಗಿದ್ದ ಕೆಜಿಐಡಿ. ಇನ್ನೊಂದು, 1956ರಲ್ಲಿ 245 ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಕಟ್ಟಿದ ಜೀವ ವಿಮಾ ನಿಗಮ. ಸಂಬಳದ ದಿನ ಏಜೆಂಟರು ಶಿಕ್ಷಕರ ಕೊಠಡಿಗೆ ಬಂದು, ಬೆಂಚಿನ ತುದಿಯಲ್ಲಿ ಕುಳಿತು, ಕಂತನ್ನು ಸಂಬಳದಲ್ಲಿಯೇ ಮುರಿದುಕೊಳ್ಳುವ ಯೋಜನೆಯ ಫಾರಂ ತುಂಬಿಸುತ್ತಿದ್ದರು. ಅವರ ಕಾಟದಿಂದ ತಪ್ಪಿಸಿಕೊಳ್ಳಲು ನಾವು ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದುದೂ ಉಂಟು. ಆದರೂ ಅವರು ನಮ್ಮ ಊರಿನವರೇ ಆಗಿದ್ದರು. ಯಾರ ಮನೆಯಲ್ಲಿ ಸಾವಾದರೂ ಕ್ಲೇಮಿನ ಕಾಗದ ಹಿಡಿದು ಮೊದಲು ಬರುವವರು ಯಾರು, ಸಹಿ ಹಾಕಿಸಿಕೊಂಡ ಮೇಲೆ ಮುಖ ತೋರಿಸದವರು ಯಾರು ಎಂಬುದು ಎಲ್ಲರಿಗೂ ತಿಳಿದಿತ್ತು. ಹಲವು ವರ್ಷ ನೋಡಿದ ಮೇಲೆ ಹುಟ್ಟಿದ ವಿಶ್ವಾಸ ಅದು.

2000ದಲ್ಲಿ ಖಾಸಗಿ ಕಂಪನಿಗಳಿಗೆ ಮತ್ತೆ ಬಾಗಿಲು ತೆರೆದ ಮೇಲೆ ಏಜೆಂಟರ ಸಂಖ್ಯೆ ಬೆಳೆಯಿತು. ಹೊಸಬನಿಗೆ ತರಬೇತಿಯಲ್ಲಿ ಕೊಡುವ ಮೊದಲ ಮನೆಗೆಲಸ ಒಂದು ಪಟ್ಟಿ: ನೂರು ಹೆಸರು ಬರೆ. ಚಿಕ್ಕಪ್ಪ, ಭಾವಮೈದ, ಪಕ್ಕದ ಮನೆಯವರು, ಓದಿಸಿದ ಮೇಷ್ಟ್ರು, ಹೀಗೆ. ಏಜೆಂಟನಿಗೆ ಸಿಗುವ ಕಮಿಷನ್ನಿನಲ್ಲಿ ದೊಡ್ಡ ಪಾಲು ಮೊದಲ ವರ್ಷದ ಕಂತಿನಿಂದಲೇ ಬರುವುದರಿಂದ ಪಟ್ಟಿಯನ್ನು ಬೇಗ ಮುಗಿಸುವ ಆತುರವೂ ಹುಟ್ಟುತ್ತದೆ. ನೂರು ಹೆಸರು ತೀರಿದ ಮೇಲೆ ಎಷ್ಟೋ ಜನ ವೃತ್ತಿಯನ್ನೇ ಬಿಡುತ್ತಾರೆ. ಅವರು ಮಾಡಿಸಿದ ಪಾಲಿಸಿಗಳಿಗೆ ಕೇಳುವವರೇ ಇರುವುದಿಲ್ಲ. ಆ ವೃತ್ತಿಯಲ್ಲಿ ಅವಕ್ಕೆ 'ಅನಾಥ ಪಾಲಿಸಿ' ಎಂದೇ ಹೆಸರು.

ಆದರೆ ಹೀಗೆ ಅನಾಥವಾಗುವುದು ಪಾಲಿಸಿಯೊಂದೇ ಅಲ್ಲ. ಈ ಮಾತಿಗೆ ನನ್ನದೇ ತಪ್ಪೊಂದು ಸಾಕ್ಷಿಯಾಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಎರಡು ದಿನಗಳಲ್ಲಿ ಮೂರು ಬಾರಿ ನನಗೆ ದೂರವಾಣಿ ಕರೆ ಮಾಡಿದನು. ಅವನು ವಿಮಾ ಏಜೆಂಟನಾಗಿರುವ ಸುದ್ದಿ ನನಗೆ ತಿಳಿದಿತ್ತು. ಅದಕ್ಕೆ ಮೊದಲು ಇನ್ನೊಬ್ಬ ವಿದ್ಯಾರ್ಥಿಯ ದಾಕ್ಷಿಣ್ಯಕ್ಕೆ ಒಂದು ಪಾಲಿಸಿ ಮಾಡಿಸಿ, ಎರಡು ಕಂತು ಕಟ್ಟಿ, ಬಿಟ್ಟು ನಷ್ಟ ಮಾಡಿಕೊಂಡಿದ್ದೆ. ಹೀಗಾಗಿ ಫೋನು ಬಡಿದುಕೊಳ್ಳುತ್ತಿದ್ದರೂ ಎತ್ತಲಿಲ್ಲ. ತಿಂಗಳ ಮೇಲೆ ಒಂದು ಮದುವೆಯಲ್ಲಿ ಅವನು ಸಿಕ್ಕಿದನು. ಅವನ ತಾಯಿ ತೀರಿಕೊಂಡಿದ್ದರು. ಮಗ ಗಣಿತದಲ್ಲಿ ಪಾಸಾದಾಗ ಎರಡು ಮೈಲಿ ನಡೆದು ಬಂದು ನನಗೆ ಒಂದು ಗಡಿಗೆ ಬೆಣ್ಣೆ ಕೊಟ್ಟು ಹೋಗಿದ್ದ ಮಹಾತಾಯಿ ಆಕೆ. ಮೇಷ್ಟ್ರಿಗೆ ತಿಳಿಸು ಎಂದು ಕೊನೆಯ ದಿನಗಳಲ್ಲಿ ಹೇಳಿದ್ದರಂತೆ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನೆಂದನು: "ಪಾಲಿಸಿ ವಿಷಯ ಅಂದುಕೊಂಡಿರ್ತೀರಿ, ಬಿಡಿ ಸಾರ್. ಈಗ ಎಲ್ಲರೂ ಹಾಗೇ ಅಂದುಕೊಳ್ತಾರೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ನೆಂಟರಿಷ್ಟರ ಪಟ್ಟಿಯನ್ನು ನೆಚ್ಚಿಕೊಂಡು ವಿಮೆ ಮಾರುವವನು ತೆರುವ ಬೆಲೆ ಏನೆಂಬುದು ನನಗೆ ಆ ದಿನ ಅರಿವಾಯಿತು. ಸಾವಿನ ಸುದ್ದಿ ತಿಳಿಸಲು ಕರೆದರೂ ಅವನಿಗೆ ಓಗೊಡುವವರಿರುವುದಿಲ್ಲ.

ಈ ಹಿನ್ನೆಲೆಯಿಂದ ನೋಡಿದಾಗ, ಲಿಂಕ್ಡ್‌ಇನ್‌ನಂಥ ವೃತ್ತಿಪರರ ಜಾಲತಾಣ ವಿಮಾ ಏಜೆಂಟನಿಗೆ ಒಳ್ಳೆಯ ದಾರಿಯೇ ಎಂಬುದು ನನ್ನ ಅಭಿಪ್ರಾಯ. 2003ರಲ್ಲಿ ಆರಂಭವಾಗಿ 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ತಾಣಕ್ಕೆ ಜನ ಬರುವುದೇ ಕೆಲಸದ ಮಾತಿಗಾಗಿ. ಅಲ್ಲಿ ದಾಕ್ಷಿಣ್ಯದ ಭಾರ ಕಡಿಮೆ. ಬೇಡವೆನ್ನುವುದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆದರೆ ಹಳೆಯ ರೋಗ ಅಲ್ಲಿಗೂ ಹೋಗಿದೆ. ನೂರು ಹೆಸರಿನ ಪಟ್ಟಿ ಅಲ್ಲಿ ಐದು ಸಾವಿರದ್ದಾಗುತ್ತದೆ, ಅಷ್ಟೆ. ನನ್ನ ಪುಟದಲ್ಲಿ 'ನಿವೃತ್ತ ಪ್ರೌಢಶಾಲಾ ಶಿಕ್ಷಕ' ಎಂದು ಸ್ಪಷ್ಟವಾಗಿಯೇ ಇದೆ. ಆದರೂ ಪರಿಚಯದ ಕೋರಿಕೆಯನ್ನು ಒಪ್ಪಿದ ಎರಡೇ ನಿಮಿಷಕ್ಕೆ ಒಬ್ಬರು ನನ್ನ 'ಪುಟ್ಟ ಮಕ್ಕಳ ಉನ್ನತ ವ್ಯಾಸಂಗಕ್ಕಾಗಿ' ಯೋಜನೆಯೊಂದನ್ನು ಕಳಿಸಿದರು. ನನ್ನ ಮೊಮ್ಮಗಳೇ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ! ತಂತ್ರಾಂಶಕ್ಕೆ ಹೇಳಿ ಸಾವಿರಾರು ಜನರಿಗೆ ಒಂದೇ ಸಂದೇಶ ಕಳಿಸುವವರೂ ಇದ್ದಾರೆ. ಅದು ಆ ತಾಣದ ನಿಯಮಕ್ಕೇ ವಿರುದ್ಧ.

ಹಾಗಾದರೆ ನನ್ನ ವಿದ್ಯಾರ್ಥಿ ಏನು ಮಾಡಬೇಕು? ಗಣಿತದ ಮೇಷ್ಟ್ರಾದ ನಾನು ಹೇಳುವುದಿಷ್ಟು: ತನಗೆ ಗೊತ್ತಿರುವುದನ್ನು ಮೊದಲು ಕಲಿಸಲಿ.

ಅವನಿಗೆ ಕಾರ್ಖಾನೆಗಳ ಸಂಬಳದ ಪಟ್ಟಿ ಕರತಲಾಮಲಕ. ಇಎಸ್‌ಐ ಯೋಜನೆಯ ವೇತನ ಮಿತಿಯನ್ನು 2017ರಲ್ಲಿ 21,000 ರೂಪಾಯಿಗೆ ಏರಿಸಿದರು. ಬಡ್ತಿ ಸಿಕ್ಕಿ ಸಂಬಳ ಮಿತಿಯನ್ನು ದಾಟಿದ ಸೂಪರ್‌ವೈಸರ್ ಸಂತೋಷದಿಂದ ಸಿಹಿ ಹಂಚುತ್ತಾನೆ. ಕೆಲವು ತಿಂಗಳ ಮೇಲೆ ತನಗೂ ಹೆಂಡತಿ ಮಕ್ಕಳಿಗೂ ಇದ್ದ ಇಎಸ್‌ಐ ಆಸ್ಪತ್ರೆಯ ಆಸರೆ ತಪ್ಪುತ್ತದೆಂಬುದು ಅವನಿಗೆ ಹೊಳೆದಿರುವುದಿಲ್ಲ. ಹಾಗೆಯೇ ಕೆಲಸ ಬದಲಾಯಿಸಿದವನಿಗೆ ಹಳೆಯ ಕಂಪನಿಯ ಸಾಮೂಹಿಕ ಆರೋಗ್ಯ ವಿಮೆ ಅಲ್ಲಿಗೆ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಹಾಗೆ ಮಾಡಿದರೆ ಹಳೆಯ ಕಾಯಿಲೆಗಳಿಗಾಗಿ ಕಾದ ಅವಧಿ ವ್ಯರ್ಥವಾಗುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಯಾರಿಗಾದರೂ ಹೊಸ ಕೆಲಸ ಸಿಕ್ಕಿದ ಸುದ್ದಿ ಕಂಡಾಗ 'ಅಭಿನಂದನೆಗಳು' ಎಂಬ ಸಿದ್ಧ ಪದವನ್ನು ಒತ್ತುವ ಬದಲು ಈ ಎರಡು ಮಾತು ಬರೆದರೆ ಅದೇ ನಿಜವಾದ ಅಭಿನಂದನೆ. ಓದಿದವನು ಪಾಲಿಸಿಯನ್ನು ಬೇರೆಯವರಲ್ಲಿ ಮಾಡಿಸಿದರೂ ಚಿಂತೆಯಿಲ್ಲ, ಬರೆದವನ ಹೆಸರು ನೆನಪಿರುತ್ತದೆ.

ಎರಡನೆಯದು, ಲೆಕ್ಕವನ್ನು ಬಿಚ್ಚಿ ತೋರಿಸಲಿ. ವರ್ಷಕ್ಕೆ 24,000 ರೂಪಾಯಿಯಂತೆ 20 ವರ್ಷ ಕಟ್ಟಿದರೆ 4,80,000 ಆಗುತ್ತದೆ. ಕೊನೆಗೆ 9,60,000 ಬಂದರೆ 'ದುಡ್ಡು ಎರಡರಷ್ಟಾಯಿತು' ಎನ್ನುತ್ತಾರೆ. ಕೇಳಲು ಚೆಂದ. ಚಕ್ರಬಡ್ಡಿಯ ಸೂತ್ರ ಹಾಕಿ ನೋಡಿ, ಮಕ್ಕಳೇ: ಇದು ವರ್ಷಕ್ಕೆ ಶೇಕಡಾ 6ಕ್ಕಿಂತ ತುಸು ಹೆಚ್ಚು, ಅಷ್ಟೇ. ಜೊತೆಗೆ ಜೀವರಕ್ಷೆ ಇರುವುದರಿಂದ ಅದು ಮೋಸವೆಂದು ನಾನು ಹೇಳುವುದಿಲ್ಲ. ಉಳಿತಾಯದ ಭಾಗವಿಲ್ಲದ ಟರ್ಮ್ ಪಾಲಿಸಿಯಲ್ಲಿ ಅದೇ ಜೀವರಕ್ಷೆಗೆ ಕಂತು ಬಹಳ ಕಡಿಮೆ ಎಂಬುದನ್ನೂ ಪಕ್ಕದಲ್ಲಿ ಬರೆದು, ಆಯ್ಕೆಯನ್ನು ಓದುಗನಿಗೆ ಬಿಡುವುದು ಧರ್ಮ. ಪಾಲಿಸಿ ಪತ್ರ ಕೈಗೆ ಬಂದ 30 ದಿನಗಳೊಳಗೆ ಇಷ್ಟವಾಗದಿದ್ದರೆ ಹಿಂದಿರುಗಿಸಬಹುದೆಂದು ತಾನಾಗಿಯೇ ಹೇಳುವ ಏಜೆಂಟನನ್ನು ಯಾರು ತಾನೆ ನಂಬುವುದಿಲ್ಲ? ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ, ಮೊದಲ ಮೂರು ವರ್ಷಗಳಲ್ಲಿ ಕಂಪನಿ ಅದನ್ನು ಪ್ರಶ್ನಿಸಿ ಕ್ಲೇಮನ್ನು ತಿರಸ್ಕರಿಸಬಹುದು ಎಂಬುದನ್ನೂ ಅವನೇ ಎಚ್ಚರಿಸಬೇಕು.

ಮೂರನೆಯದು, ತಾನು ಯಾರೆಂದು ಮರೆಮಾಚದೆ ಬರೆದುಕೊಳ್ಳಲಿ. ಇಂಥ ಕಂಪನಿಯ ಏಜೆಂಟ್ ಎಂದು ಹೇಳಿಕೊಳ್ಳುವುದರಲ್ಲಿ ಅವಮಾನವೇನಿದೆ? ಏಜೆಂಟನು ಕಂಪನಿಯ ಪ್ರತಿನಿಧಿ, ಬ್ರೋಕರ್ ಗ್ರಾಹಕನ ಪರವಾಗಿ ಕೆಲಸ ಮಾಡುವವನು. ಈ ವ್ಯತ್ಯಾಸ ಓದುವವನಿಗೆ ತಿಳಿದಿರಬೇಕು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಪಾಲಿಸಿಯ ಜಾಹೀರಾತು ಹಾಕುವುದು ನಿಯಮಬಾಹಿರ. ಕಮಿಷನ್ನಿನಲ್ಲಿ ಪಾಲು ಕೊಡುತ್ತೇನೆಂದು ಆಸೆ ತೋರಿಸುವುದನ್ನಂತೂ 1938ರ ವಿಮಾ ಕಾಯ್ದೆಯೇ ನಿಷೇಧಿಸಿದೆ. ಇನ್ನು, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಕೈಗೆ ಚೆಕ್ಕು ಕೊಡುತ್ತಿರುವ ಚಿತ್ರಗಳನ್ನು ತಾಣದಲ್ಲಿ ಹಾಕುತ್ತಾರಲ್ಲ, ದಯವಿಟ್ಟು ಅದನ್ನು ಬಿಡಿ. ಆಕೆಯ ದುಃಖ ನಿಮ್ಮ ಅಂಗಡಿಯ ಫಲಕವಲ್ಲ.

ಇಷ್ಟು ಕೇಳಿದರೆ ಅವನು ಏನೆನ್ನುತ್ತಾನೆಂದು ನನಗೆ ಗೊತ್ತು. "ಸಾರ್, ಪಾಠ ಹೇಳಿಕೊಂಡು ಕೂತರೆ ಮಾರ್ಚ್ ತಿಂಗಳ ಗುರಿ ಮುಟ್ಟುವುದು ಹೇಗೆ?" ನ್ಯಾಯವಾದ ಪ್ರಶ್ನೆಯೇ. ಈ ದಾರಿ ನಿಧಾನ. ಫಲ ಕಾಣಲು ವರ್ಷವೋ ಎರಡು ವರ್ಷವೋ ಹಿಡಿಯಬಹುದು. ಅಲ್ಲಿಯವರೆಗೆ ಮನೆ ನಡೆಸಲು ಉಳಿತಾಯವೋ ಬೇರೆ ಆದಾಯವೋ ಬೇಕು. ಇನ್ನೊಂದು ಮಾತನ್ನೂ ಒಪ್ಪಬೇಕು. ಬೆನ್ನು ಬಿದ್ದು ಕಾಡುವ ಏಜೆಂಟರಿಂದಲೂ ಒಳ್ಳೆಯದಾಗಿದೆ. ನನ್ನ ಸಹೋದ್ಯೋಗಿಯೊಬ್ಬರು ಕಾಟ ತಾಳಲಾರದೆ ಪಾಲಿಸಿಗೆ ಸಹಿ ಹಾಕಿದ್ದರು. ಮೂರು ವರ್ಷಗಳ ಮೇಲೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಇಬ್ಬರು ಮಕ್ಕಳ ಓದು ನಿಲ್ಲದಿದ್ದುದು ಆ ಸಹಿಯಿಂದ. ವಿಮೆಯನ್ನು ಯಾರೂ ತಾವಾಗಿ ಹುಡುಕಿಕೊಂಡು ಹೋಗುವುದಿಲ್ಲ, ಯಾರಾದರೂ ನೆನಪಿಸಲೇಬೇಕು. ಆದ್ದರಿಂದ ನಾನು ಕೇಳಬೇಡ ಎನ್ನುತ್ತಿಲ್ಲ. ಕೇಳುವ ಮುನ್ನ ಆ ಮನುಷ್ಯನ ಕೆಲಸ, ಸಂಸಾರ, ಅಗತ್ಯಗಳನ್ನು ಅರಿತುಕೋ ಎನ್ನುತ್ತಿದ್ದೇನೆ. ಹಳೆಯ ಸಹೋದ್ಯೋಗಿಗೆ ಬರೆಯಲು ಕೈ ಬರುವುದಿಲ್ಲ ಎಂದನಲ್ಲ, ಆ ಸಂಕೋಚವೇ ಅವನ ಒಳ್ಳೆಯ ಗುಣ. ಅದನ್ನು ಕಳೆದುಕೊಳ್ಳದಿರಲಿ. ಪ್ರತಿ ಸಂದೇಶವನ್ನು ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಈತ ನನ್ನಿಂದ ಪಾಲಿಸಿ ಕೊಳ್ಳದೆ ಹೋದರೂ ಈ ಮಾತು ಅವನಿಗೆ ಉಪಯೋಗಕ್ಕೆ ಬರುತ್ತದೆಯೇ?

ಉಳಿದ ನಿಮ್ಮೆಲ್ಲರಿಗೂ ಒಂದು ಕೋರಿಕೆ. ವಿಮೆ ಮಾರುವ ಗೆಳೆಯನೋ ನೆಂಟನೋ ಕರೆದರೆ ಫೋನು ಎತ್ತಿರಿ. ಈಗ ನಾನು ಹಾಗೆಯೇ ಮಾಡುತ್ತೇನೆ. "ಪಾಲಿಸಿ ಬೇಡಪ್ಪ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಹೇಳು" ಎಂದುಬಿಟ್ಟರೆ ಇಬ್ಬರಿಗೂ ಹಗುರ. ಈ ವಿಷಯದಲ್ಲಿ ನಿಮ್ಮ ಅನುಭವಗಳೇನಾದರೂ ಇದ್ದರೆ ತಪ್ಪದೆ ಬರೆಯಿರಿ.