“ಫ್ರೀ ಆಗಿ ದುಡ್ದ್ರೆ ನಿಂಗ್ ಎಂತ ಸಿಕ್ತ್?”

1/5
ಹ್ವಾಯ್, ಈ ಸೆಮ್‌ನಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿದ್ರಿ ನೀವು! ಉತ್ತರ ಇವತ್ತು ಪೂರ್ತಿ ಬರೀತೇನೆ, ಓದಿ.
ಫೋಟೋದಲ್ಲಿರೋದು ನಮ್ಮನೆ ಹಳೇ ಲ್ಯಾಪ್‌ಟಾಪ್. ಸ್ಕ್ರೀನ್ ಒಡೆದಿದೆ, ಆದ್ರೆ ಅದೇ ನಮ್ಮ ಸರ್ವರ್. ಅಜ್ಜ ಅರ್ಥ ಹೇಳಿದ ತಾಳಮದ್ದಳೆಗಳನ್ನ ಕ್ಯಾಸೆಟ್‌ನಿಂದ ತೆಗೆದು ಅದ್ರಲ್ಲಿ ಹಾಕಿದ್ದೇನೆ. ಮೊದಲು ಒಂದು ಆ್ಯಪ್‌ನಲ್ಲಿ ಇಟ್ಟಿದ್ದೆ, ಆ ಆ್ಯಪೇ ನಿಂತುಹೋಯ್ತು. ಈಗ ಮಳೆಗಾಲದಲ್ಲಿ ಕೇಬಲ್ ಹರಿದು ನೆಟ್ ಹೋದ್ರೂ, ಇನ್ವರ್ಟರ್ ಇದ್ರೆ ಸಾಕು, ಅಜ್ಜಿ ಟಿವಿಯಲ್ಲಿ ಅಜ್ಜನ ದನಿ ಕೇಳ್ತಾರೆ. ಫೈಲ್ ಇರೋದೂ ಮನೆಯಲ್ಲಿ, ಟಿವಿಗೆ ಬರೋದೂ ಮನೆ ವೈಫೈಯಲ್ಲಿ.

2/5
ಇದನ್ನ ನಡೆಸೋ ಸಾಫ್ಟ್‌ವೇರ್ ಜೆಲ್ಲಿಫಿನ್. ಎಂಬಿ ಅನ್ನೋ ಸಾಫ್ಟ್‌ವೇರ್ ತನ್ನ ಕೋಡ್ ಮುಚ್ಚಿಟ್ಟಾಗ, 2018ರ ಡಿಸೆಂಬರ್‌ನಲ್ಲಿ ಕೆಲವರು ಅದರ 3.5.2 ಆವೃತ್ತಿಯ ಮುಕ್ತ ಕೋಡ್ ತಗೊಂಡು ಬೇರೆ ದಾರಿ ಹಿಡಿದ್ರು. ಜಿಪಿಎಲ್ ಲೈಸೆನ್ಸ್ ಇದ್ದಿದ್ರಿಂದ ಅದು ಕಳ್ಳತನ ಅಲ್ಲ, ಹಕ್ಕು. ಇವತ್ತಿಗೂ ನಡೆಸೋದು ಸಂಬಳ ಇಲ್ಲದ ಸ್ವಯಂಸೇವಕರೇ. ಪ್ರೀಮಿಯಂ ಪ್ಲಾನ್ ಇಲ್ಲ, ಜಾಹೀರಾತಿಲ್ಲ.

3/5
“ನೀನು ಬಿಕಾಂ, ಅಲ್ಲಿ ನಿಂಗೆಂತ ಕೆಲ್ಸ?”
ಸರ್ವರ್ ಕೋಡ್ ಸಿ ಶಾರ್ಪ್‌ನಲ್ಲಿದೆ. ನನಗೆ ಬರಲ್ಲ, ಒಪ್ಪಿದೆ. ಆದ್ರೆ ಬಗ್ ಕಂಡ್ರೆ ಸರಿಯಾಗಿ ಬರೆದು ತಿಳಿಸೋದು, ಹೊಸ ಆವೃತ್ತಿ ಪರೀಕ್ಷೆ ಮಾಡೋದು, ವೆಬ್‌ಲೇಟ್‌ನಲ್ಲಿ ಅನುವಾದ ಮಾಡೋದು, ಇದೂ ಕೆಲಸವೇ. ‘ಲೈಬ್ರರಿ’ ಅಂತ ಮೆಷಿನ್‌ಗೆ ಕೊಟ್ಟೆ, ‘ಗ್ರಂಥಾಲಯ’ ಅಂತು. ಅಜ್ಜಿಗೆ ತೋರಿಸಿದ್ರೆ, “ಪುಸ್ತಕ ಎಲ್ಲಿತ್ತ್ ಮಗಾ?” ‘ಸಂಗ್ರಹ’ ಅಂದೆ, ತಲೆ ಆಡಿಸಿದ್ರು. ಇಂಥದ್ದು ಅಜ್ಜಿ ಪಕ್ಕ ಕೂತವರಿಗೇ ಗೊತ್ತಾಗೋದು.
ಬಿಕಾಂನವರಿಗೆ ಇನ್ನೊಂದು: ಬಂದ ದೇಣಿಗೆ ಎಷ್ಟು, ಹೋಗಿದ್ದು ಯಾವುದಕ್ಕೆ, ಎಲ್ಲಾ ಓಪನ್ ಕಲೆಕ್ಟಿವ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು. ಗಣೇಶೋತ್ಸವ ಸಮಿತಿ ಜಮಾ-ಖರ್ಚು ಬೋರ್ಡ್ ಹಾಕಿದ ಹಾಗೆ.

4/5
ಈಗ ನಿಮ್ಮ ಸರದಿ. ನಮ್ಮ ಪರಿಚಯದವರೇ ಕೆಲವರು ಒಂದು ದಿನವೂ ಹೋಗದ ಇಂಟರ್ನ್‌ಶಿಪ್‌ಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದ್ರು. ಅದು ‘ಪ್ರಾಕ್ಟಿಕಲ್’, ನಾನು ಮಾಡಿದ್ದು ‘ವೇಸ್ಟ್’! ಕೆಲಸ ಮಾಡದೆ ಕಾಗದ ತಂದವರು, ಕಾಗದ ಸಿಗದ ಕೆಲಸ ಮಾಡಿದವಳಿಗೆ ಬುದ್ಧಿ ಹೇಳ್ತೀರಾ?
ಊರಿನ ಹಬ್ಬಕ್ಕೆ ಊಟ ಬಡಿಸೋಕೆ, ಆಟಕ್ಕೆ ಚಪ್ಪರ ಹಾಕೋಕೆ ಹೋಗುವಾಗ “ಎಂತ ಸಿಕ್ತ್” ಅಂತ ಯಾರೂ ಕೇಳಲ್ಲ. ಅದು ನಮ್ದು ಅನ್ನೋ ಭಾವನೆ. ದಿನಾ ಕೈಯಲ್ಲಿ ಹಿಡ್ಕೊಂಡಿರೋ ಸಾಫ್ಟ್‌ವೇರ್ ಮಾತ್ರ ಯಾವಾಗ್ಲೂ ಬೇರೆಯವರದ್ದಾ?

5/5
ಒಂದು ಮಾತು ಸ್ಪಷ್ಟ. ಭಾನುವಾರ ಕ್ಯಾಟರಿಂಗ್‌ಗೆ ಹೋಗಿ ಫೀಸ್ ಕಟ್ಟೋರು ನನ್ನ ಬೆಂಚಲ್ಲೇ ಇದ್ದಾರೆ. ಅವರಿಗೆ ‘ಫ್ರೀಯಾಗಿ ಮಾಡಿ’ ಅನ್ನೋ ಹಕ್ಕು ನನಗಿಲ್ಲ. ನಾನು ಹೇಳ್ತಿರೋದು ರಾತ್ರಿ ಎರಡು ಗಂಟೆ ರೀಲ್ಸ್ ನೋಡಿ “ಟೈಮೇ ಇಲ್ಲ” ಅನ್ನೋರಿಗೆ. ನಾನೂ ಹಾಗೇ ಇದ್ದೆ.
ಆಸಾಡಿ ಅಮಾಸಿಗೆ ‘ವಿಶ್ವ ಕುಂದಾಪ್ರ ಕನ್ನಡ ದಿನ’ದ ಸ್ಟೇಟಸ್ ಎಲ್ಲರೂ ಹಾಕ್ತೇವೆ. ಬಾಕಿ ದಿನ ನಮ್ಮ ಅಜ್ಜಿಯಂದಿರು ಟಿವಿಯಲ್ಲಿ ಒಂದು ಬಟನ್ ಆದ್ರೂ ಕನ್ನಡದಲ್ಲಿ ಓದೋದು ಬೇಡ್ವಾ?
ಎಂತ ಸಿಕ್ತ್ ಅಂದ್ರಲ್ಲ? ಅಜ್ಜಿ ಈಗ ನನ್ನ ಕರೆಯದೆ ತಾನೇ ರಿಮೋಟ್ ಒತ್ತಿ ಅಜ್ಜನ ದನಿ ಕೇಳ್ತಾರೆ. ನನಗೆ ಅಷ್ಟು ಸಾಕು.
ಇವತ್ತು ರಾತ್ರಿ ಹತ್ತು ಪದ. ಬರೋರು ಕಾಮೆಂಟಲ್ಲಿ ‘ಬತ್ತೆ’ ಅಂತ ಹಾಕಿ. ಅಕೌಂಟ್ ತೆರೆಯೋದು ನಾನು ಹೇಳಿಕೊಡ್ತೇನೆ.

#ಕುಂದಾಪ್ರ #ಬೈಂದೂರು #ಬ್ರಹ್ಮಾವರ #ಜೆಲ್ಲಿಫಿನ್ #ಬಿಕಾಂ