ಗದ್ದಲಕ್ಕೆ ಸಲ್ಲದ ಕೀರ್ತಿ
ಯುವತಿಯರನ್ನು ಕೊಂದ ಸರಣಿ ಹಂತಕ ‘ಸಯನೈಡ್’ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದದ್ದು ಊರವರ ಪ್ರತಿಭಟನೆಯಿಂದ ಎಂಬ ವಾದ ಅರ್ಧಸತ್ಯ. ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿ ಕಾಣೆಯಾದಾಗ ಜನ ಠಾಣೆಯ ಮುಂದೆ ಜಮಾಯಿಸಿದ್ದು ನಿಜ. ಆದರೆ ಬೊಟ್ಟು ಮಾಡಿದ್ದು ಅನ್ಯಕೋಮಿನವರತ್ತ. ಗದ್ದಲ ಪೊಲೀಸರನ್ನು ಎಬ್ಬಿಸಿತು, ಅಷ್ಟೆ. ದಾರಿ ತೋರಿಸಿದ್ದು ಮೊಬೈಲ್ ಕರೆಗಳ ದಾಖಲೆ. ಅದಕ್ಕೂ ಮುಂಚೆ ಮಡಿಕೇರಿ, ಮೈಸೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಕ್ಕ, ಅವನಿಗೆ ಬಲಿಯಾದವರ ಹೆಣಗಳು ಅಸಹಜ ಸಾವುಗಳೆಂದು ಕಡತ ಸೇರಿದ್ದವು. ಸತ್ತವರಲ್ಲಿ ಹೆಚ್ಚಿನವರು ವರದಕ್ಷಿಣೆ ಕೊಡಲಾಗದ ಬಡ ಮನೆಯವರು. ಅವರಿಗಾಗಿ ಯಾರೂ ಠಾಣೆ ಮುತ್ತಲಿಲ್ಲ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿಗೂ ಹೀಗೆ ಸಾವುಗಳು ಕಡತದಲ್ಲೇ ಉಳಿಯುವುದು ದೂರದ ಮಾತಲ್ಲ. ನಿಪ್ಪಾಣಿಯಿಂದ ಮಹಾರಾಷ್ಟ್ರದ ಕೊಲ್ಹಾಪುರ, ಕಾಗವಾಡದಿಂದ ಮೀರಜ್ ಹತ್ತಿರವೇ. ಪೊಲೀಸ್ ಇಲಾಖೆ ಮಾತ್ರ ಬೇರೆ. ಕಾಣೆಯಾದವರ ದೂರುಗಳನ್ನು ಗಡಿಯಾಚೆಯ ಅನಾಮಧೇಯ ಶವಗಳ ಪಟ್ಟಿಯೊಡನೆ ಠಾಣೆಗಳು ತಾಳೆ ನೋಡಲಿ.